ಕ್ಯಾಮೆರಾ ಬದಲಾದರೂ ಮನೆ ಅದೇ: ರೆಸಿಡೆಂಟ್ ಈವಿಲ್ ತನ್ನ ಬೇರಿಗೆ ಮರಳಿದ್ದು ಹೇಗೆ?

ಪ್ರಶ್ನೆ: ನಾನು ರೆಸಿಡೆಂಟ್ ಈವಿಲ್ ಅನ್ನುವ ಹೆದರಿಸುವ ವಿಡಿಯೋ ಗೇಮ್ ಸರಣಿಯ 4 ಮತ್ತು 5 ಆಡಿದ್ದೇನೆ, ಎರಡೂ ಇಷ್ಟವಾದವು. ಆರನೆಯದನ್ನು ಅರ್ಧಕ್ಕೇ ಬಿಟ್ಟೆ. ಏಳನೇ ಆಟದಲ್ಲಿ ಸರಣಿ ‘ತನ್ನ ಬೇರಿಗೆ ಮರಳಿತು’ ಅಂತ ಎಲ್ಲರೂ ಹೇಳುತ್ತಾರೆ. ಆದರೆ ಹಳೆಯ ಆಟಗಳಲ್ಲಿ ಕ್ಯಾಮೆರಾ ಕೋಣೆಯ ಮೂಲೆಯಲ್ಲಿ ಅಲುಗಾಡದೆ ಕೂತಿರುತ್ತಿತ್ತು. ಏಳರಲ್ಲಿ ಅದು ಆಟಗಾರನ ಕಣ್ಣಲ್ಲೇ ಇದೆ. ಹಳೆಯ ಪಾತ್ರಗಳೂ ಹೆಚ್ಚುಕಮ್ಮಿ ಇಲ್ಲ. ಹೀಗಿರುವಾಗ ಅದು ಮರಳಿದ್ದು ಹೇಗೆ? ನನ್ನಂಥವರು ಯಾವುದರಿಂದ ಶುರು ಮಾಡಬೇಕು?

ಉತ್ತರ: ನಿಮ್ಮ ಅನುಮಾನ ಸರಿಯಾಗಿಯೇ ಇದೆ. ಹೊರಗಿನಿಂದ ನೋಡಿದರೆ ಬೇರಿಗೆ ಮರಳಿದ ಆಟ ನೀವು ಅರ್ಧಕ್ಕೆ ಬಿಟ್ಟ ಆರನೆಯದೇ ಆಗಬೇಕಿತ್ತು. ಅದರಲ್ಲಿ ಹಳೇ ಪಾತ್ರಗಳಾದ ಲಿಯಾನ್ ಇದ್ದ, ಕ್ರಿಸ್ ಇದ್ದ, ಏಡಾ ಇದ್ದಳು. ನಾಲ್ಕು ಮತ್ತು ಐದರಲ್ಲಿ ಕಾಣೆಯಾಗಿದ್ದ ಜಾಂಬಿಗಳೂ ವಾಪಸ್ ಬಂದಿದ್ದವು. ಏಳರಲ್ಲಿ, ಕೊನೆಗೆ ಕ್ರಿಸ್ ಬಂದು ಹೋಗುವುದು ಬಿಟ್ಟರೆ, ಈ ಪೈಕಿ ಯಾವುದೂ ಎದುರಿಗೆ ಕಾಣುವುದಿಲ್ಲ. ಆದರೂ 1996ರ ಮೊದಲ ಆಟ ಆಡಿದವರನ್ನು ಏಳನೆಯದರ ಮುಂದೆ ಒಂದೆರಡು ಗಂಟೆ ಕೂರಿಸಿ ನೋಡಿ. ಇದು ನಮ್ಮ ಹಳೇ ಮನೆ ಅನ್ನುತ್ತಾರೆ.

ಯಾಕೆಂದರೆ ಈ ಸರಣಿಯ ಬೇರು ಇರುವುದು ಎರಡೇ ವಸ್ತುಗಳಲ್ಲಿ. ಒಂದು ಮನೆ, ಒಂದು ಚಿಕ್ಕ ಚೀಲ. ಮನೆ ಎಷ್ಟು ಕಟ್ಟುನಿಟ್ಟಾಗಿದೆ, ಚೀಲ ಎಷ್ಟು ಕಿರಿದಾಗಿದೆ ಅನ್ನುವುದರ ಮೇಲೆ ಎಲ್ಲಾ ನಿಂತಿದೆ. ಕ್ಯಾಮೆರಾ ಆಮೇಲಿನ ಮಾತು.

ಈ ಮಾತು ಅರ್ಥವಾಗಬೇಕಾದರೆ 1996ಕ್ಕಿಂತಲೂ ಸ್ವಲ್ಪ ಹಿಂದೆ ಹೋಗಬೇಕು. ಈ ಸರಣಿ ಮಾಡುವ ಒಸಾಕಾದ ಕ್ಯಾಪ್‌ಕಾಮ್ ಕಂಪನಿ 1989ರಲ್ಲಿ ನಿಂಟೆಂಡೊದ ಫ್ಯಾಮಿಕಾಮ್ ಅನ್ನುವ ಗೇಮ್ ಯಂತ್ರಕ್ಕೆ ‘ಸ್ವೀಟ್ ಹೋಮ್’ ಅನ್ನುವ ಆಟ ತಂದಿತ್ತು. ಜಪಾನಿನಲ್ಲಿ ಮಾತ್ರ ಬಂದ ಆಟ. ನಿರ್ದೇಶಕರು ತೊಕುರೊ ಫುಜಿವಾರಾ. ಸತ್ತುಹೋದ ಒಬ್ಬ ಚಿತ್ರಕಲಾವಿದನ ಪಾಳು ಬಂಗಲೆಗೆ ಐದು ಜನ ಹೋಗುತ್ತಾರೆ, ಒಳಗೇ ಸಿಕ್ಕಿಕೊಳ್ಳುತ್ತಾರೆ. ಒಬ್ಬೊಬ್ಬರ ಹತ್ತಿರ ಹಿಡಿಸುವುದು ಬೆರಳೆಣಿಕೆಯ ಸಾಮಾನು. ಯಾರಾದರೂ ಸತ್ತರೆ ಮತ್ತೆ ಬರುವುದಿಲ್ಲ, ಉಳಿದವರೇ ಮುಂದುವರಿಯಬೇಕು. ಹಿಂದೆ ಬಂದವರು ಬರೆದಿಟ್ಟ ಚೀಟಿಗಳಿಂದ ಕಥೆ ಗೊತ್ತಾಗುತ್ತದೆ. ಬಾಗಿಲು ದಾಟುವಾಗ ಪರದೆ ತುಂಬಾ ಬರೀ ಬಾಗಿಲು ತೆರೆದುಕೊಳ್ಳುತ್ತದೆ. ಎಲ್ಲೋ ನೋಡಿದ ಹಾಗಿದೆ, ಅಲ್ವಾ?

ಆ ಹಳೇ ಯಂತ್ರದಲ್ಲಿ ತಮ್ಮಿಂದ ಮಾಡಲಾಗದ್ದನ್ನು ಹೊಸ ಪ್ಲೇಸ್ಟೇಷನ್‌ನಲ್ಲಿ ಮಾಡಿಸಬೇಕು ಅಂತ ಫುಜಿವಾರಾ ಆಸೆಪಟ್ಟರು. ಕೆಲಸ ಒಪ್ಪಿಸಿದ್ದು ಶಿಂಜಿ ಮಿಕಾಮಿ ಅನ್ನುವ ಹುಡುಗನಿಗೆ. ಮಿಕಾಮಿ ಅಲ್ಲಿಯವರೆಗೆ ಮಾಡಿದ್ದು ಅಲಾದ್ದೀನ್, ಗೂಫ್ ಟ್ರೂಪ್ ಥರದ ಡಿಸ್ನಿ ಆಟಗಳು. ಮಕ್ಕಳನ್ನು ನಗಿಸುತ್ತಿದ್ದವರಿಗೆ ದೊಡ್ಡವರನ್ನು ಹೆದರಿಸುವ ಕೆಲಸ ಬಂತು.

ಈಗ ನಿಮ್ಮ ಪ್ರಶ್ನೆಗೆ ನೇರವಾಗಿ ತಾಗುವ ಸಂಗತಿ ಹೇಳುತ್ತೇನೆ. 1992ರಲ್ಲಿ ಫ್ರಾನ್ಸಿನಿಂದ ‘ಅಲೋನ್ ಇನ್ ದಿ ಡಾರ್ಕ್’ ಬಂದಿತ್ತು. ಮೂಲೆಯಲ್ಲಿ ಕೂತು ನೋಡುವ ಕ್ಯಾಮೆರಾ ಮೊದಲು ಹೆಸರು ಮಾಡಿದ್ದು ಅದರಲ್ಲಿ. ಆ ಆಟವನ್ನು ನೋಡದೆ ಇದ್ದಿದ್ದರೆ ರೆಸಿಡೆಂಟ್ ಈವಿಲ್ ಪ್ರಾಯಶಃ ಕಣ್ಣಿನ ಮಟ್ಟದಿಂದಲೇ ಗುಂಡು ಹಾರಿಸುವ ಆಟವಾಗುತ್ತಿತ್ತು ಅಂತ ಮಿಕಾಮಿಯವರೇ ಎಷ್ಟೋ ವರ್ಷದ ಮೇಲೆ ಹೇಳಿದ್ದಾರೆ. ಅಂದರೆ ಏಳನೆಯದರ ಕ್ಯಾಮೆರಾ ಮೊದಲ ಆಟದವರ ತಲೆಯಲ್ಲೇ ಇತ್ತು. ಬೇರೆ ದಾರಿ ಸಿಕ್ಕಿದ್ದರಿಂದ ಬಿಟ್ಟರು, ಅಷ್ಟೇ. ಮೊದಲ ಆಟದಲ್ಲೂ ಒಂದು ಕಡೆ ಅದರ ತುಣುಕು ಉಳಿದಿದೆ. ನೀವು ಹೊರಗಿನ ಕಟ್ಟಡಕ್ಕೆ ಹೋಗಿ, ಆಟ ನಡೆಯುವ ಬಂಗಲೆಗೆ ವಾಪಸ್ ಬರುತ್ತೀರಿ. ಆಗ ಯಾವುದೋ ಒಂದು ಪ್ರಾಣಿ ನೀವು ಬಂದ ದಾರಿಯಲ್ಲೇ ಓಡಿ ಬರುವುದು ಅದರ ಕಣ್ಣಿನಿಂದಲೇ ಕಾಣುತ್ತದೆ. ಕೊನೆಗೆ ಅದು ಬಾಗಿಲು ತೆರೆದು ಒಳಗೆ ಬರುತ್ತದೆ. ಬಾಗಿಲು ತೆರೆಯುವುದು ನಾವು ಮಾತ್ರ ಅಂದುಕೊಂಡಿದ್ದೆವು!

ಇನ್ನು ಚೀಲದ ವಿಷಯ. ಮೊದಲ ಆಟದಲ್ಲಿ ಕ್ರಿಸ್, ಜಿಲ್ ಇಬ್ಬರಲ್ಲಿ ಒಬ್ಬರನ್ನು ಆರಿಸಿಕೊಂಡು ಆಡಬೇಕು. ಕ್ರಿಸ್‌ಗೆ 6 ಖಾನೆ, ಜಿಲ್‌ಗೆ 8. ಪಿಸ್ತೂಲಿಗೆ ಒಂದು ಹೋಯಿತು. ಗುಂಡಿಗೆ ಒಂದು. ಗಾಯಕ್ಕೆ ಹಚ್ಚುವ ಸೊಪ್ಪಿಗೆ ಒಂದು. ಟೈಪ್‌ರೈಟರ್‌ನಲ್ಲಿ ಆಟ ಸೇವ್ ಮಾಡಬೇಕಾದರೆ ಇಂಕ್ ರಿಬ್ಬನ್ ಬೇಕು, ಅದಕ್ಕೆ ಒಂದು. ಕ್ರಿಸ್‌ಗೆ ಉಳಿದದ್ದು ಎರಡು. ಎದುರಿಗೆ ಒಂದು ಬೀಗದ ಕೈ, ಒಂದು ಲಾಂಛನ, ಒಂದು ಶಾಟ್‌ಗನ್ ಗುಂಡಿನ ಡಬ್ಬಿ. ಯಾವುದನ್ನು ಬಿಡುತ್ತೀರಿ? ಆ ಕಾರಿಡಾರಿನಲ್ಲಿ ನಿಂತ ಜಾಂಬಿಯನ್ನು ಕೊಲ್ಲುತ್ತೀರಾ, ಪಕ್ಕದಲ್ಲಿ ನುಸುಳಿ ಓಡುತ್ತೀರಾ? ಕೊಂದರೆ ಆರೇಳು ಗುಂಡು ಹೋಗುತ್ತದೆ. ನುಸುಳಿದರೆ ಈಗ ಉಳಿಯುತ್ತದೆ, ಆದರೆ ಇದೇ ದಾರಿಯಲ್ಲಿ ಇನ್ನೂ ಹತ್ತು ಸಲ ಓಡಾಡಬೇಕು. ತಿಂಗಳ ಕೊನೆಯ ವಾರದಲ್ಲಿ ಜೇಬು ನೋಡಿಕೊಂಡು ಅಂಗಡಿ ಮುಂದೆ ನಿಂತ ಹಾಗೆ. ಹೆದರಿಕೆ ಹುಟ್ಟುವುದು ಈ ಲೆಕ್ಕದಲ್ಲಿ. ರಕ್ತ, ಕೂಗು, ಕಿಟಕಿ ಒಡೆದು ಹಾರುವ ನಾಯಿ, ಇವೆಲ್ಲ ಮೇಲಿನ ಒಗ್ಗರಣೆ.

ಮನೆಯ ಕೆಲಸ ಇನ್ನೂ ಸೂಕ್ಷ್ಮ. ಕತ್ತಿ, ಕವಚ, ಗುರಾಣಿ, ಶಿರಸ್ತ್ರಾಣದ ಗುರುತಿರುವ ನಾಲ್ಕು ಬೀಗದ ಕೈ. ಒಂದೊಂದು ಸಿಕ್ಕಾಗಲೂ ಬಂಗಲೆಯ ಇನ್ನಷ್ಟು ಕೋಣೆ ತೆರೆಯುತ್ತವೆ. ಅದೇ ಹಜಾರ, ಅದೇ ಮೆಟ್ಟಿಲು, ಅದೇ ಊಟದ ಕೋಣೆ, ಮತ್ತೆ ಮತ್ತೆ. ನಾನು ಇದನ್ನು ಮೊದಲು ಆಡಿದ್ದು ಗೆಳೆಯನ ಮನೆಯಲ್ಲಿ, ಶನಿವಾರ ಬಾಡಿಗೆಗೆ ತಂದ ಪ್ಲೇಸ್ಟೇಷನ್‌ನಲ್ಲಿ. ಸೇವ್ ಮಾಡಿದ್ದನ್ನು ಉಳಿಸಿಡುವ ಮೆಮೊರಿ ಕಾರ್ಡ್ ನಮ್ಮ ಹತ್ತಿರ ಇರಲಿಲ್ಲ. ರಿಬ್ಬನ್ ಎಷ್ಟು ಸಿಕ್ಕಿದರೂ ಉಪಯೋಗವಿಲ್ಲ. ಪ್ರತಿ ಶನಿವಾರ ಮೊದಲ ಬಾಗಿಲಿನಿಂದ ಶುರು. ಎರಡು ತಿಂಗಳಲ್ಲಿ ಆ ಬಂಗಲೆ ನಮಗೆ ಅಜ್ಜಿಮನೆಯಷ್ಟೇ ಬಾಯಿಪಾಠ ಆಗಿತ್ತು. ವಿಚಿತ್ರ ಏನೆಂದರೆ ಗುರುತಾದಷ್ಟೂ ಹೆದರಿಕೆ ಜಾಸ್ತಿಯಾಯಿತು. ಗೊತ್ತಿಲ್ಲದ ಕೋಣೆಯಲ್ಲಿ ಏನಾದರೂ ಇರಬಹುದು, ಸರಿ. ಗೊತ್ತಿರುವ ಕೋಣೆಯಲ್ಲಿ ನಿನ್ನೆ ಇಲ್ಲದ್ದು ಇವತ್ತು ಇದ್ದರೆ?

ಮಿಕಾಮಿ 2002ರಲ್ಲಿ ಇದೇ ಆಟವನ್ನು ನಿಂಟೆಂಡೊದ ಗೇಮ್‌ಕ್ಯೂಬ್ ಯಂತ್ರಕ್ಕೆ ಹೊಸದಾಗಿ ಕಟ್ಟಿದಾಗ ಈ ಎಳೆಯನ್ನೇ ಹಿಡಿದು ಎಳೆದರು. ಅದರಲ್ಲಿ ಕೊಂದ ಜಾಂಬಿಯ ತಲೆ ಹಾರಿರಬೇಕು, ಇಲ್ಲವೇ ಹೆಣ ಸುಡಬೇಕು. ಹಾಗೇ ಬಿಟ್ಟರೆ ಸ್ವಲ್ಪ ಹೊತ್ತಿನ ಮೇಲೆ ಕೆಂಪು ತಲೆಯ ಪಿಶಾಚಿಯಾಗಿ ಎದ್ದು ಓಡಿಬರುತ್ತದೆ. ಸುಡಬೇಕಾದರೆ ಸೀಮೆಎಣ್ಣೆ ಬೇಕು, ಬೆಂಕಿ ಹಚ್ಚಲು ಲೈಟರ್ ಬೇಕು, ಅವೂ ಚೀಲದಲ್ಲಿ ಜಾಗ ತಿನ್ನುತ್ತವೆ. ಗೆದ್ದದ್ದೂ ಸಾಲವಾಗುತ್ತದೆ. ನನ್ನ ಪ್ರಕಾರ ಈ ಸರಣಿಯಲ್ಲಿ ಇದಕ್ಕಿಂತ ಚೆನ್ನಾದ ಒಂದೇ ಒಂದು ಯೋಚನೆ ಬಂದಿಲ್ಲ.

ನೀವು ಇಷ್ಟಪಟ್ಟ ನಾಲ್ಕನೇ ಆಟ 2005ರಲ್ಲಿ ಬಂತು. ಅದೂ ಮಿಕಾಮಿಯವರದೇ. ಕ್ಯಾಮೆರಾ ಭುಜದ ಹಿಂದೆ ಬಂತು, ಆಮೇಲೆ ಅರ್ಧ ಉದ್ಯಮ ಅದನ್ನೇ ನಕಲು ಮಾಡಿತು. ಅದ್ಭುತ ಆಟ, ಅದರಲ್ಲಿ ಎರಡು ಮಾತಿಲ್ಲ. ಆದರೆ ಗಮನಿಸಿ. ಅಲ್ಲಿ ಮನೆ ಹೋಗಿ ದಾರಿ ಬಂತು. ಹಳ್ಳಿ, ಕೋಟೆ, ದ್ವೀಪ, ಮುಂದಕ್ಕೆ ಹೋಗುತ್ತಲೇ ಇರುವುದು. ಕೊಂದವರ ಕೈಯಿಂದ ಗುಂಡು ಬೀಳುತ್ತದೆ, ದುಡ್ಡು ಬೀಳುತ್ತದೆ, ಆ ದುಡ್ಡಿಗೆ ವ್ಯಾಪಾರಿ ಬಂದೂಕು ಕೊಡುತ್ತಾನೆ. ಚೀಲ ದೊಡ್ಡ ಸೂಟ್‌ಕೇಸ್ ಆಯಿತು. ಮೊದಲು ಕೊಲ್ಲುವುದು ಖರ್ಚಿನ ಬಾಬ್ತು, ಇಲ್ಲಿ ಆದಾಯದ ಬಾಬ್ತು. ಲೆಕ್ಕವೇ ತಲೆಕೆಳಗು.

2009ರ ಐದನೆಯದರಲ್ಲಿ ಕ್ರಿಸ್ ಜೊತೆ ಶೇವಾ ಬಂದಳು, ಇಬ್ಬರು ಕೂತು ಆಡುವ ಆಟವಾಯಿತು. ಜೊತೆಗೆ ಒಬ್ಬರಿದ್ದರೆ ಸ್ಮಶಾನದಲ್ಲೂ ಹರಟೆ ಹೊಡೆಯಬಹುದು, ಅಲ್ವಾ? ಮಾರಾಟ ಮಾತ್ರ ಭರ್ಜರಿ. ಹಾಗಾಗಿ 2012ರ ಅಕ್ಟೋಬರಿನ ಆರನೆಯದಕ್ಕೆ ಕಂಪನಿ ಎಲ್ಲವನ್ನೂ ಸುರಿಯಿತು. ನಾಲ್ಕು ಕಥೆ, ಬೇರೆ ಬೇರೆ ದೇಶ, ವಾಹನ, ವಿಮಾನ, ಸ್ಫೋಟ. 70 ಲಕ್ಷ ಪ್ರತಿ ಹೋಗುತ್ತದೆ ಅಂತ ಮೊದಲು ಅಂದಾಜು ಮಾಡಿದ್ದರು. 2013ರ ಮಾರ್ಚ್ ಮುಗಿಯುವಾಗ ಹೋಗಿದ್ದದ್ದು 49 ಲಕ್ಷ. ಬೇರೆ ಯಾವುದೇ ಆಟಕ್ಕೆ ಅದು ಹಬ್ಬ. ಆದರೆ ನೀವು ಅರ್ಧಕ್ಕೆ ಬಿಟ್ಟ ಹಾಗೆ ತುಂಬಾ ಜನ ಬಿಟ್ಟಿದ್ದರು. ಎಲ್ಲರಿಗೂ ಇಷ್ಟವಾಗಲಿ ಅಂತ ಮಾಡಿದ ಅಡುಗೆಯಲ್ಲಿ ಯಾರಿಗೂ ಬೇಕಾದ ರುಚಿ ಇರಲಿಲ್ಲ.

ಇದರ ನಡುವೆ 2015ರ ಜನವರಿಯಲ್ಲಿ ಕ್ಯಾಪ್‌ಕಾಮ್ ಆ 2002ರ ಬಂಗಲೆಯನ್ನೇ ಚಿತ್ರ ಚೊಕ್ಕ ಮಾಡಿ ಮತ್ತೆ ಬಿಟ್ಟಿತು. ಅದೇ ಅಲುಗಾಡದ ಕ್ಯಾಮೆರಾ, ಅದೇ ಚಿಕ್ಕ ಚೀಲ. ಕೆಲವೇ ತಿಂಗಳಲ್ಲಿ 10 ಲಕ್ಷ ದಾಟಿತು. ಹಳೇ ಲೆಕ್ಕಕ್ಕೆ ಇನ್ನೂ ಗಿರಾಕಿಗಳಿದ್ದಾರೆ ಅನ್ನುವುದು ಸ್ಪಷ್ಟವಾಗಿತ್ತು.

ಅದೇ ವರ್ಷದ ಬೇಸಿಗೆಯಲ್ಲಿ, ಲಾಸ್ ಏಂಜಲೀಸ್‌ನ ಇ3 ವಿಡಿಯೋ ಗೇಮ್ ಮೇಳದಲ್ಲಿ, ‘ಕಿಚನ್’ ಅನ್ನುವ ಒಂದು ಚಿಕ್ಕ ವಿಆರ್ (ವರ್ಚುವಲ್ ರಿಯಾಲಿಟಿ) ತುಣುಕು ತೋರಿಸಿದರು. ತಲೆಗೆ ಹೆಡ್‌ಸೆಟ್ ಹಾಕಿಕೊಂಡು, ಕೈ ಕಟ್ಟಿಸಿಕೊಂಡು, ಗಲೀಜು ಅಡುಗೆಮನೆಯಲ್ಲಿ ಕೂತಿರುವುದು, ಅಷ್ಟೇ. ಇದು ರೆಸಿಡೆಂಟ್ ಈವಿಲ್ ಅಂತ ಯಾರಿಗೂ ಹೇಳಲಿಲ್ಲ. ಮುಂದಿನ ಜೂನ್‌ನಲ್ಲಿ ಗುಟ್ಟು ಬಿಚ್ಚಿದರು, ಏಳನೆಯದು 2017ರ ಜನವರಿ 24ಕ್ಕೆ ಬಂತು. ನಿರ್ದೇಶಕ ಕೋಶಿ ನಕನಿಶಿ. 2014ರಲ್ಲಿ ಇನ್ನೊಬ್ಬ ಜಪಾನಿ ಆಟಗಳ ನಿರ್ದೇಶಕ ಹಿದೆಯೊ ಕೊಜಿಮಾ ಬಿಟ್ಟ ‘ಪಿ.ಟಿ.’ ಅನ್ನುವ ಒಂದೇ ಕಾರಿಡಾರಿನ ಡೆಮೊ ನೋಡಿ ಇವರು ಕ್ಯಾಮೆರಾ ಬದಲಿಸಿದರು ಅಂತ ಆಗ ತುಂಬಾ ಜನ ಅಂದರು. ಕ್ಯಾಪ್‌ಕಾಮ್ ಒಪ್ಪಲಿಲ್ಲ. ಒಪ್ಪಿದ್ದರೂ ಏನೂ ಕಳೆದುಕೊಳ್ಳುತ್ತಿರಲಿಲ್ಲ ಅನ್ನಿ. ಮಿಕಾಮಿ ಫ್ರಾನ್ಸಿನ ಆಟ ನೋಡಿ ಕಲಿತದ್ದನ್ನು ಮುಚ್ಚಿಟ್ಟಿರಲಿಲ್ಲವಲ್ಲ.

ಕಥೆ ಜಾಸ್ತಿ ಹೇಳುವುದಿಲ್ಲ. ಮೂರು ವರ್ಷದಿಂದ ಕಾಣೆಯಾದ ಹೆಂಡತಿ ಮಿಯಾಳಿಂದ ಈಥನ್ ವಿಂಟರ್ಸ್‌ಗೆ ಸಂದೇಶ ಬರುತ್ತದೆ. ಅಮೆರಿಕದ ಲೂಸಿಯಾನಾದ ಜೌಗು ನೆಲದಲ್ಲಿ ಬೇಕರ್ ಕುಟುಂಬದ ಮನೆ. ಅಪ್ಪ ಜ್ಯಾಕ್, ಅಮ್ಮ ಮಾರ್ಗರೀಟ್, ಮಗ ಲೂಕಸ್. ಈಥನ್ ಪೊಲೀಸೂ ಅಲ್ಲ, ಸೈನಿಕನೂ ಅಲ್ಲ.

ಈಗ ಆ ಮನೆಯ ಒಳಗೆ ಬನ್ನಿ. ಕತ್ತಿ, ಕವಚದ ಬೀಗದ ಕೈಗಳ ಬದಲು ಚೇಳು, ಕಾಗೆ, ಹಾವಿನ ಬೀಗದ ಕೈ. ಹೊರಗೆ ಹೋಗುವ ಬಾಗಿಲಿಗೆ ಮೂರು ನಾಯಿ ತಲೆಗಳನ್ನು ಹುಡುಕಿ ತಂದು ಕೂರಿಸಬೇಕು. ಒಂದು ಕೋಣೆಯಲ್ಲಿಟ್ಟ ಸಾಮಾನು ಇನ್ನೊಂದು ಕೋಣೆಯ ಪೆಟ್ಟಿಗೆಯಲ್ಲಿ ಸಿಗುತ್ತದೆ, ಮೊದಲ ಆಟದ ಹಾಗೆಯೇ. ಸುರಕ್ಷಿತ ಕೋಣೆಗೆ ಕಾಲಿಟ್ಟಾಗ ಸಂಗೀತ ಮೆತ್ತಗಾಗುತ್ತದೆ. ಟೈಪ್‌ರೈಟರ್ ಜಾಗದಲ್ಲಿ ಟೇಪ್ ರೆಕಾರ್ಡರ್. ಅತಿ ಕಷ್ಟದ ಮಟ್ಟ ಆರಿಸಿಕೊಂಡರೆ ಸೇವ್ ಮಾಡಲು ಕ್ಯಾಸೆಟ್ ಹುಡುಕಬೇಕು. ಅದು ಹಳೇ ರಿಬ್ಬನ್ನೇ, ಅಂಗಿ ಬದಲಾಗಿದೆ.

ಆ ಮನೆಯಲ್ಲಿ ಒಂದು ಶಾಟ್‌ಗನ್ ಇದೆ. ಪ್ರತಿಮೆಯ ಕೈಯಲ್ಲಿ. ತೆಗೆದುಕೊಂಡರೆ ಕೋಣೆಯ ಬಾಗಿಲು ಮುಚ್ಚಿಕೊಳ್ಳುತ್ತದೆ, ವಾಪಸ್ ಇಟ್ಟರೆ ತೆರೆಯುತ್ತದೆ. ಬೇರೆ ಕಡೆಯಿಂದ ಒಂದು ಮುರಿದ ಶಾಟ್‌ಗನ್ ತಂದು ಅದರ ಜಾಗದಲ್ಲಿ ಇಡಬೇಕು. ಮೊದಲ ಆಟದಲ್ಲೂ ಶಾಟ್‌ಗನ್ ತೆಗೆದರೆ ಪಕ್ಕದ ಕೋಣೆಯ ಚಾವಣಿ ಕೆಳಗಿಳಿದು ಅಪ್ಪಚ್ಚಿ ಮಾಡುತ್ತಿತ್ತು. ಬಿಡುಗಡೆಗೆ ಅದೇ ಉಪಾಯ, ಮುರಿದ ಶಾಟ್‌ಗನ್. 21 ವರ್ಷದ ಮೇಲೆ ಅದೇ ಬೀಗ, ಅದೇ ಕೈ. ಹಳೇ ಅಭಿಮಾನಿಗಳು ಇಲ್ಲಿ ಬಂದು ಒಂದು ಕ್ಷಣ ಸುಮ್ನೆ ನಿಂತುಬಿಟ್ಟರು.

ಚೀಲದ ಲೆಕ್ಕವೂ ವಾಪಸ್ ಬಂದಿದೆ, ಹೊಸ ತಿರುವಿನ ಜೊತೆ. ಒಂದು ರಾಸಾಯನಿಕ ದ್ರವ ಸಿಗುತ್ತದೆ. ಸೊಪ್ಪಿನ ಜೊತೆ ಬೆರೆಸಿದರೆ ಔಷಧಿ, ಮದ್ದಿನ ಪುಡಿ ಜೊತೆ ಬೆರೆಸಿದರೆ ಗುಂಡು. ಬಾಟಲಿ ಇರುವುದು ಒಂದೇ. ಈಗ ಗಾಯ ಮಾಡಿಕೊಳ್ಳುವುದು ಖಾತ್ರಿಯಾ, ಗುಂಡು ಮುಗಿಯುವುದು ಖಾತ್ರಿಯಾ? ಅಷ್ಟರಲ್ಲಿ ಅಪ್ಪ ಜ್ಯಾಕ್ ಮನೆಯೆಲ್ಲ ಸುತ್ತುತ್ತಾ ಕರೆಯುತ್ತಿರುತ್ತಾನೆ. ಅವನಿಗೆ ಹೊಡೆದರೆ ಸ್ವಲ್ಪ ಹೊತ್ತು ಬೀಳುತ್ತಾನೆ, ಆಮೇಲೆ ಏಳುತ್ತಾನೆ. ಗುಂಡು ಮಾತ್ರ ವಾಪಸ್ ಬರುವುದಿಲ್ಲ.

ಕ್ಯಾಮೆರಾ ಬಗ್ಗೆಯೂ ಒಂದು ಮಾತು. ಮೂಲೆಯ ಕ್ಯಾಮೆರಾ ಹೆದರಿಸುತ್ತಿದ್ದದ್ದು ಯಾಕೆ? ತಿರುವಿನ ಆಚೆ ಏನಿದೆ ಅನ್ನುವುದನ್ನು ಅದು ಮುಚ್ಚಿಡುತ್ತಿತ್ತು. ನರಳಾಟ ಕೇಳುತ್ತದೆ, ನರಳುವವನು ಕಾಣುವುದಿಲ್ಲ. ಭುಜದ ಹಿಂದಿನ ಕ್ಯಾಮೆರಾದಲ್ಲಿ ಪಕ್ಕದ್ದು, ಸ್ವಲ್ಪ ಹಿಂದಿನದ್ದೂ ಕಂಡುಬಿಡುತ್ತದೆ. ಕಣ್ಣಿನ ಕ್ಯಾಮೆರಾ ಮತ್ತೆ ಮುಚ್ಚಿಡುತ್ತದೆ, ಈ ಸಲ ಬೆನ್ನ ಹಿಂದಿನದನ್ನು. ಬಾಗಿಲುಗಳನ್ನೂ ಮರೆಯಲಿಲ್ಲ. ಆಗ ಪ್ಲೇಸ್ಟೇಷನ್‌ಗೆ ಇದ್ದದ್ದು 2 ಎಂಬಿ ಮೆಮೊರಿ. ಮುಂದಿನ ಕೋಣೆ ಲೋಡ್ ಆಗುವವರೆಗೆ ಬಾಗಿಲು ನಿಧಾನ ತೆರೆಯುತ್ತಿತ್ತು. ಏಳರಲ್ಲಿ ಆ ತೊಂದರೆ ಇಲ್ಲ. ಆದರೂ ಈಥನ್ ಬಾಗಿಲನ್ನು ಒಂದೇ ಸಲ ತೆರೆಯುವುದಿಲ್ಲ. ಮೊದಲು ಸಂದಿ ಮಾಡುತ್ತಾನೆ, ಆಮೇಲೆ ನೀವೇ ಮೈಯಿಂದ ತಳ್ಳಿಕೊಂಡು ಒಳಗೆ ಹೋಗಬೇಕು.

ಕೊರತೆ ಇಲ್ಲವೇ? ಇದೆ. ಮನೆ ಬಿಟ್ಟು ಹಡಗಿಗೆ ಹೋದ ಮೇಲೆ ಆಟ ಸೊರಗುತ್ತದೆ. ‘ಮೋಲ್ಡೆಡ್’ ಅನ್ನುವ ಕಪ್ಪು ಬೂಷ್ಟಿನ ರಾಕ್ಷಸರು ಎಲ್ಲಾ ಒಂದೇ ಥರ. ಬೇಕರ್ ಮನೆಯವರ ಪಕ್ಕದಲ್ಲಿ ಅವರು ಸಪ್ಪೆ. ಇದೂ ನನ್ನ ಮಾತಿಗೇ ಪುರಾವೆ. ಮನೆ ಮುಗಿದಲ್ಲಿಗೆ ಆಟದ ಜೀವವೂ ಮುಗಿಯಿತು. ಮಾರಾಟ ಶುರುವಿನಲ್ಲಿ ನಿಧಾನವೇ ಇತ್ತು, ಮೊದಲ ಮಾರ್ಚ್‌ಗೆ 35 ಲಕ್ಷ. ಆದರೆ ನಿಲ್ಲಲಿಲ್ಲ. ಕೆಲವು ವರ್ಷದಲ್ಲಿ 1 ಕೋಟಿ ದಾಟಿತು.

ಇಷ್ಟಾದರೂ ನಿಮಗೆ ಅನುಮಾನ ಉಳಿದಿದ್ದರೆ 2019ರ ಜನವರಿಯಲ್ಲಿ ಬಂದ ಹೊಸ ರೆಸಿಡೆಂಟ್ ಈವಿಲ್ 2 ನೋಡಿ. 1998ರ ಎರಡನೇ ಆಟವನ್ನು ಮತ್ತೆ ಕಟ್ಟಿದ್ದು. ಕ್ಯಾಮೆರಾ ಯಾವುದು ಗೊತ್ತಾ? ನಿಮ್ಮ ಇಷ್ಟದ ನಾಲ್ಕರದ್ದೇ, ಭುಜದ ಹಿಂದಿನದ್ದು. ಆದರೆ ಇರುವುದು ಒಂದು ಪೊಲೀಸ್ ಠಾಣೆ, ಚಿಕ್ಕ ಚೀಲ, ಎಷ್ಟು ಗುಂಡಿಗೆ ಸಾಯುತ್ತದೆ ಅಂತ ಹೇಳಲಾಗದ ಜಾಂಬಿಗಳು. ಕಿಟಕಿಗಳಿಗೆ ಹೊಡೆಯಲು ಹಲಗೆ ಸಿಗುತ್ತವೆ. ಎಲ್ಲಾ ಕಿಟಕಿಗೆ ಸಾಲುವುದಿಲ್ಲ. ಜಾಸ್ತಿ ಓಡಾಡುವ ಕಾರಿಡಾರ್ ಯಾವುದು ಅಂತ ನೀವೇ ಯೋಚಿಸಿ ಮುಚ್ಚಬೇಕು. ಮುಂದೆ ಟೋಪಿ ಹಾಕಿದ ಒಬ್ಬ ದೈತ್ಯ ಬರುತ್ತಾನೆ. ಮೇಲಿನ ಮಹಡಿಯಲ್ಲಿ ಅವನ ಬೂಟಿನ ಸದ್ದು ಕೇಳುತ್ತಿರುತ್ತದೆ, ನೀವು ಕೆಳಗೆ ಒಗಟು ಬಿಡಿಸುತ್ತಿರುತ್ತೀರಿ. ಕ್ಯಾಮೆರಾ ನಾಲ್ಕರದ್ದು, ಎದೆಬಡಿತ ಒಂದರದ್ದು.

2021ರ ಎಂಟನೇ ಆಟ ‘ವಿಲೇಜ್’ ಕಣ್ಣಿನ ಕ್ಯಾಮೆರಾ ಉಳಿಸಿಕೊಂಡು ಮತ್ತೆ ನಾಲ್ಕರ ದಾರಿ ಹಿಡಿಯಿತು. ವ್ಯಾಪಾರಿ ಬಂದ, ಸೂಟ್‌ಕೇಸ್ ಬಂತು. ಅದರಲ್ಲಿ ಎಲ್ಲರ ನೆನಪಿನಲ್ಲಿ ಉಳಿದ ಹೆದರಿಕೆ ಮಾತ್ರ ಬೆನೆವಿಯೆಂಟೊ ಮನೆಯದ್ದು. ಆಟ ಅಲ್ಲಿ ನಿಮ್ಮ ಎಲ್ಲಾ ಆಯುಧ ಕಿತ್ತುಕೊಳ್ಳುತ್ತದೆ. ಮತ್ತೆ ಒಂದು ಮನೆ, ಖಾಲಿ ಕೈ! 2026ರ ಒಂಬತ್ತನೆಯದು ‘ರೆಕ್ವಿಯಮ್’ಗೆ ನಕನಿಶಿಯವರೇ ನಿರ್ದೇಶಕರು, ಕಥೆ ಹಳೇ ಆಟಗಳ ಊರಾದ ರಕೂನ್ ಸಿಟಿಗೆ ವಾಪಸ್ ಹೋಗಿದೆ. ಅದರಲ್ಲಿ ಕಣ್ಣಿನ ಕ್ಯಾಮೆರಾ ಬೇಕಾ, ಬೆನ್ನ ಹಿಂದಿನದು ಬೇಕಾ ಅಂತ ಸೆಟ್ಟಿಂಗ್ಸ್‌ನಲ್ಲಿ ನೀವೇ ಆರಿಸಿಕೊಳ್ಳಬಹುದು. ಕ್ಯಾಮೆರಾ ಬೇರಲ್ಲ ಅಂತ ಮಾಡಿದವರೇ ಒಪ್ಪಿದ ಹಾಗಾಯಿತು.

ಈಗ ಎಲ್ಲಿಂದ ಶುರು ಅನ್ನುವುದು. ಭುಜದ ಹಿಂದಿನ ಕ್ಯಾಮೆರಾ ನಿಮಗೆ ರೂಢಿ ಇದೆ. ಹಾಗಾಗಿ 2019ರ ಎರಡನೆಯದು ಮೊದಲು. ಕಂಡ ಜಾಂಬಿಯನ್ನೆಲ್ಲ ಕೊಲ್ಲುವ ನಾಲ್ಕರ ಚಾಳಿ ಬಿಡಿ. ಕಾಲಿಗೆ ಹೊಡೆದು ಬೀಳಿಸಿ, ದಾಟಿ ಹೋಗಿ. ಮ್ಯಾಪ್‌ನಲ್ಲಿ ಕೋಣೆ ಕೆಂಪಾಗಿದ್ದರೆ ಅಲ್ಲಿ ಇನ್ನೂ ಏನೋ ಉಳಿದಿದೆ, ನೀಲಿಯಾಗಿದ್ದರೆ ಮುಗಿದಿದೆ. ಆಮೇಲೆ ಏಳನೆಯದು. ಹೆಡ್‌ಫೋನ್ ಹಾಕಿಕೊಂಡು, ಗೈಡ್ ನೋಡದೆ. ರಾಸಾಯನಿಕ ಬಾಟಲಿಗಳನ್ನು ಸಿಕ್ಕ ಕೂಡಲೇ ಬೆರೆಸಬೇಡಿ, ಬೇಕಾದಾಗ ಬೆರೆಸಿ.

ಕೊನೆಗೆ ಆ ಹಳೇ ಬಂಗಲೆ, 2015ರ ಆವೃತ್ತಿಯಲ್ಲಿ. ಹಳೇ ಟ್ಯಾಂಕ್ ಥರದ ಕಂಟ್ರೋಲ್ (ನಿಂತಲ್ಲೇ ತಿರುಗಿ, ಆಮೇಲೆ ಮುಂದೆ ನಡೆಯುವುದು) ಕಷ್ಟವಾದರೆ ಹೊಸ ಬಗೆಯದೂ ಕೊಟ್ಟಿದ್ದಾರೆ, ನಾಚಿಕೊಳ್ಳದೆ ಬಳಸಿ. ಜಿಲ್‌ಳನ್ನೇ ಆರಿಸಿಕೊಳ್ಳಿ, ಎರಡು ಖಾನೆ ಜಾಸ್ತಿ ಸಿಗುತ್ತದೆ. ಊಟದ ಕೋಣೆ ದಾಟಿದರೆ ಒಬ್ಬನ ಹೆಣದ ಮೇಲೆ ಬಗ್ಗಿರುವ ಜಾಂಬಿ ನಿಧಾನಕ್ಕೆ ತಿರುಗಿ ನೋಡುತ್ತದೆ. ಪಿಸ್ತೂಲು ಎತ್ತಬೇಡಿ. ಊಟದ ಕೋಣೆಗೆ ವಾಪಸ್ ಓಡಿ ಬನ್ನಿ. ಅಲ್ಲಿ ಜಿಲ್‌ಳ ಜೊತೆಗಾರ ಬ್ಯಾರಿ ನಿಂತಿರುತ್ತಾನೆ. ಅವನ ಗುಂಡು ಖರ್ಚಾಗಲಿ.